ಮೈಲಿ 88 ಸಾವಿರ, ಗಂಟೆ ಎರಡು ಸಾವಿರ: ಒಂದು ನಿವೃತ್ತ ಪೊಲೀಸ್ ಕಾರಿನ ಜಾತಕ

ಜಾಹೀರಾತಿನಲ್ಲಿ ಇದ್ದದ್ದು ನಾಲ್ಕು ಮಾತು. 2009ರ ಫೋರ್ಡ್ ಕ್ರೌನ್ ವಿಕ್ಟೋರಿಯಾ ಪೊಲೀಸ್ ಇಂಟರ್‌ಸೆಪ್ಟರ್. 88,000 ಮೈಲಿ ಓಡಿದೆ. ನಗರ ಪೊಲೀಸರ ಗಸ್ತು ಕಾರು. ಟ್ಯಾಕ್ಸಿಯಾಗಿ ಒಂದು ದಿನವೂ ಓಡಿಲ್ಲ. ಬೆಲೆ 4,200 ಡಾಲರ್. ನಾಲ್ಕರಲ್ಲಿ ಎರಡು ನಿಜ, ಎರಡು ಸುಳ್ಳು. ಯಾವುದು ನಿಜ, ಯಾವುದು ಸುಳ್ಳು ಎಂದು ಬಿಡಿಸಿಕೊಳ್ಳಲು ಕೊಂಡವರಿಗೆ ಏಳು ವಾರ ಹಿಡಿಯಿತು. ದುಡ್ಡು ಕೊಡುವ ಮೊದಲೇ ನೋಡಿದ್ದರೆ ಒಂದು ಸಂಜೆ ಸಾಕಾಗುತ್ತಿತ್ತು, ಖರ್ಚು ಹದಿನೈದು ಡಾಲರ್ ದಾಟುತ್ತಿರಲಿಲ್ಲ.

ಪ್ರಕರಣ ನಡೆದದ್ದು ಅಮೆರಿಕದ ಮಧ್ಯಪಶ್ಚಿಮದ ಒಂದು ರಾಜ್ಯದಲ್ಲಿ, 2022ರ ಚಳಿಗಾಲಕ್ಕೆ ಮುಂಚೆ. ಊರು, ಇಲಾಖೆ, ಇಲಾಖೆ ಕಾರಿಗೆ ಕೊಟ್ಟಿದ್ದ ಘಟಕ ಸಂಖ್ಯೆ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಕೊಂಡವರನ್ನು ‘ಸಂಗ್ರಾಹಕರು’ ಎಂದೂ ಮಾರಿದವರನ್ನು ‘ಮಾರಾಟಗಾರ’ ಎಂದೂ ಕರೆದಿದೆ. ಸಂಗ್ರಾಹಕರು ಹೊಸಬರಲ್ಲ. ಅವರ ಶೆಡ್ಡಿನಲ್ಲಿ ಆಗಲೇ ಎರಡು ಹಳೆಯ ಪೊಲೀಸ್ ಕಾರು ಇದ್ದವು.

ಹಿನ್ನೆಲೆ

ಜನರಲ್ ಮೋಟರ್ಸ್ ತನ್ನ ಷೆವ್ರೊಲೆ ಕ್ಯಾಪ್ರಿಸ್ ಪೊಲೀಸ್ ಕಾರನ್ನು 1996ರ ಮಾಡೆಲ್‌ಗೆ ನಿಲ್ಲಿಸಿತು. ಹವ್ಯಾಸಿಗಳು ಅದನ್ನು 9ಸಿ1 ಎಂಬ ಅದರ ಆರ್ಡರ್ ಕೋಡಿನಿಂದಲೇ ಕರೆಯುತ್ತಾರೆ. ಅಲ್ಲಿಂದ ಮುಂದೆ ಬಹಳ ವರ್ಷ ಅಮೆರಿಕದ ಪೊಲೀಸ್ ಕಾರು ಎಂದರೆ ಕ್ರೌನ್ ವಿಕ್ಟೋರಿಯಾ ಎಂಬಂತಾಯಿತು. ಅಡಿಯಲ್ಲಿ ಲಾರಿಯ ಹಾಗೆ ಬೇರೆಯದೇ ಚಾಸಿಸ್, 4.6 ಲೀಟರಿನ ವಿ8 ಎಂಜಿನ್, ಹಿಂದಿನ ಚಕ್ರಕ್ಕೆ ಎಳೆತ. ಕೆನಡಾದ ಒಂಟಾರಿಯೊದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂದದ್ದು 2011ರ ಸೆಪ್ಟೆಂಬರ್ 15ರಂದು.

ಇಲಾಖೆಗಳು ಈ ಕಾರನ್ನು ನಾಲ್ಕೈದು ವರ್ಷ ಅಥವಾ ಲಕ್ಷ ಮೈಲಿ ಓಡಿಸಿ ಹರಾಜಿಗೆ ಹಾಕುತ್ತಿದ್ದವು. ಹರಾಜಿನಲ್ಲಿ ಕೂಗುತ್ತಿದ್ದವರಲ್ಲಿ ಸಂಗ್ರಾಹಕರು ಬೆರಳೆಣಿಕೆ. ಟ್ಯಾಕ್ಸಿ ಕಂಪನಿಗಳು, ಖಾಸಗಿ ಸೆಕ್ಯುರಿಟಿಯವರು, ಅಗ್ಗದ ವಿ8 ಹುಡುಕುವ ಕಾಲೇಜು ಹುಡುಗರೇ ಹೆಚ್ಚು. ಹಾಗಾಗಿ ಇವತ್ತು ಮಾರಾಟಕ್ಕೆ ಸಿಗುವ ‘ಪೊಲೀಸ್ ಕಾರು’ ಪೊಲೀಸರ ಕೈಯಲ್ಲಿದ್ದದ್ದಕ್ಕಿಂತ ಹೆಚ್ಚು ಕಾಲ ಇನ್ನಾರದೋ ಕೈಯಲ್ಲಿ ಇದ್ದಿರುತ್ತದೆ. ಬೆಲೆ ಏರಿದ್ದು ಈಚೆಗೆ. ಬೆಲೆ ಏರಿದ ಕೂಡಲೇ ಮಧ್ಯದ ಆ ವರ್ಷಗಳು ಜಾಹೀರಾತಿನಿಂದ ಮಾಯವಾದವು.

ನಮ್ಮಲ್ಲಿ ಈ ಹವ್ಯಾಸ ಬೆಳೆಯುವುದು ಕಷ್ಟ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಅವು ನೇರ ಗುಜರಿಗೆ ಹೋಗಬೇಕು. ಅಮೆರಿಕದಲ್ಲಿ ಅಂಥ ತಡೆ ಇಲ್ಲ. ತಂಟೆ ಹುಟ್ಟುವುದೂ ಅಲ್ಲಿಂದಲೇ.

ಕೊಂಡ ದಿನ

ಸಂಗ್ರಾಹಕರು ಕಾರಿನ ಬಳಿ ಕಳೆದದ್ದು ನಲವತ್ತು ನಿಮಿಷ. ಚಾಸಿಸ್ ನಂಬರು ನೋಡಿದರು. ಹದಿನೇಳು ಅಕ್ಷರಗಳಲ್ಲಿ ಐದು, ಆರು, ಏಳನೆಯವು ‘ಪಿ71’. 2009ರವರೆಗಿನ ಅಸಲಿ ಪೊಲೀಸ್ ಮಾಡೆಲ್‌ಗೆ ಇದೇ ಗುರುತು. 2010, 2011ರಲ್ಲಿ ಅದು ‘ಪಿ7ಬಿ’ ಆಯಿತು. ಹತ್ತನೆಯದು 9, ಅಂದರೆ 2009. ಹನ್ನೊಂದನೆಯದು ಎಕ್ಸ್, ಅಂದರೆ ಸೇಂಟ್ ಥಾಮಸ್. ಅಲ್ಲಿಗೆ ಕಾರು ನಕಲಿಯಲ್ಲ ಎಂದು ಖಾತ್ರಿಯಾಯಿತು. ಅವರು ಎಡವಿದ್ದೂ ಅಲ್ಲೇ. ಪಿ71 ಎಂಬುದು ಕಾರು ಹುಟ್ಟಿದ ಮನೆಯನ್ನು ಹೇಳುತ್ತದೆ, ಬದುಕಿದ ಬದುಕನ್ನಲ್ಲ.

ಎಂಜಿನ್ ಒಂದೇ ತಿರುವಿಗೆ ಹತ್ತಿತು. ಗೇರು ನಯವಾಗಿ ಬಿತ್ತು. ಮಾರಾಟಗಾರ ಫೋನಿನಲ್ಲಿ ವಾಹನ ಇತಿಹಾಸ ವರದಿಯ ಒಂದು ಪುಟದ ಚಿತ್ರ ತೋರಿಸಿದ. ಅಪಘಾತ ಇಲ್ಲ, ಕಳವು ಇಲ್ಲ, ಗುಜರಿ ಮುದ್ರೆ ಇಲ್ಲ. ಆ ಪುಟ ಶುರುವಾಗಿದ್ದೇ 2019ರಿಂದ ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ. ‘ಸಂಜೆಗೆ ಇನ್ನೊಬ್ಬರು ನೋಡಲು ಬರುತ್ತಾರೆ’ ಎಂಬ ಮಾತೂ ಬಂತು. ಹಳೇ ಕಾರಿನ ವ್ಯಾಪಾರ ಎಂದಮೇಲೆ ಆ ‘ಇನ್ನೊಬ್ಬರು’ ಎಲ್ಲ ಕಡೆಯೂ ಇರುತ್ತಾರೆ. ಸಂಗ್ರಾಹಕರು ನಗದು ಎಣಿಸಿ ಟೈಟಲ್ ಪತ್ರ ಪಡೆದರು. ನಮ್ಮ ಆರ್‌ಸಿ ಬುಕ್ಕಿನ ಜಾಗದಲ್ಲಿ ಅಲ್ಲಿರುವುದು ಅದೇ ಪತ್ರ. ಮೈಲಿ ಬರೆಯುವ ಜಾಗದಲ್ಲಿ ‘ವಿನಾಯಿತಿ’ ಎಂದಷ್ಟೇ ಇತ್ತು.

ಇದರಲ್ಲಿ ಅಕ್ರಮ ಏನೂ ಇಲ್ಲ. ಅಲ್ಲಿನ ಕೇಂದ್ರ ನಿಯಮದಂತೆ 2010 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಹತ್ತು ವರ್ಷ ಕಳೆದ ಮೇಲೆ, ಕೈ ಬದಲಾಗುವಾಗ ಮೈಲಿ ಘೋಷಿಸಬೇಕಾಗಿಲ್ಲ. 2011 ಮತ್ತು ಅನಂತರದವಕ್ಕೆ ಈ ಅವಧಿ 20 ವರ್ಷ. ಆದರೆ ವಿನಾಯಿತಿ ಘೋಷಣೆಗೆ ಮಾತ್ರ. ಓಡೋಮೀಟರ್ ತಿರುಚುವುದು ಕಾರಿಗೆ ಎಷ್ಟು ವಯಸ್ಸಾಗಿದ್ದರೂ ಅಪರಾಧವೇ. ಈ ಎರಡರ ನಡುವಿನ ಸಂದಿಯಲ್ಲೇ 2000ದ ದಶಕದ ಪೊಲೀಸ್ ಕಾರುಗಳ ವ್ಯಾಪಾರ ನಡೆಯುತ್ತಿದೆ.

ಗಂಟೆಯ ಲೆಕ್ಕ

ಮೊದಲ ತಿರುವು ಬಂದದ್ದು ಮೂರನೆಯ ದಿನ, ಫೋನಿನಲ್ಲಿ. ನಗರಸಭೆಯೊಂದರ ವಾಹನ ಗ್ಯಾರೇಜಿನಲ್ಲಿ ದುಡಿದು ನಿವೃತ್ತರಾದ ಪರಿಚಿತ ಮೆಕ್ಯಾನಿಕ್ ಒಬ್ಬರಿಗೆ ಸಂಗ್ರಾಹಕರು ಸುದ್ದಿ ಹೇಳಿದರು. ಬಣ್ಣ ಹೇಗಿದೆ, ಎಂಜಿನ್ ಹೇಗಿದೆ ಎಂದು ಅವರು ಕೇಳಲೇ ಇಲ್ಲ. ‘ಮೈಲಿ ಆಮೇಲೆ ಹೇಳಿ. ಗಂಟೆ ಎಷ್ಟು?’ ಎಂದರು.

ಈ ಕಾಲದ ಇಂಟರ್‌ಸೆಪ್ಟರ್‌ಗಳ ಡ್ಯಾಶ್‌ಬೋರ್ಡಿನಲ್ಲಿ, ಟ್ರಿಪ್ ಮೀಟರಿನ ಗುಂಡಿ ಒತ್ತುತ್ತಾ ಹೋದರೆ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಅಂಕಿ ಬರುತ್ತದೆ. ಗಸ್ತಿನ ಕಾರು ರಸ್ತೆ ಬದಿ ನಿಂತಾಗಲೂ ಎಂಜಿನ್ ಆರಿಸುವುದಿಲ್ಲ. ರೇಡಿಯೊ, ಕಂಪ್ಯೂಟರು, ಚಳಿಗಾಲದಲ್ಲಿ ಹೀಟರು ಎಲ್ಲಕ್ಕೂ ಅದೇ ಆಧಾರ. ನಿಂತಲ್ಲೇ ಓಡುವ ಒಂದು ಗಂಟೆ ಸುಮಾರು 33 ಮೈಲಿ ಓಟದ ಸವೆತಕ್ಕೆ ಸಮ ಎಂದು ಫೋರ್ಡ್ ಕಂಪನಿಯೇ ಸರ್ವಿಸ್ ಲೆಕ್ಕಕ್ಕೆ ಹೇಳುತ್ತದೆ.

ಸಂಗ್ರಾಹಕರ ಕಾರು ತೋರಿಸಿದ್ದು 88,214 ಮೈಲಿ, 1,962 ಗಂಟೆ. ಭಾಗಿಸಿದರೆ ಗಂಟೆಗೆ 45 ಮೈಲಿ ಸರಾಸರಿ. ನಗರದ ಗಸ್ತು ಕಾರಿನ ಸರಾಸರಿ ಹತ್ತರಿಂದ ಇಪ್ಪತ್ತರೊಳಗೆ ಬಂದರೆ ಸಹಜ. ನಲವತ್ತೈದು ಬರಬೇಕಾದರೆ ಆ ಕಾರು ಸಿಗ್ನಲ್ಲಿಗೆ ನಿಲ್ಲದೆ ಹೆದ್ದಾರಿಯಲ್ಲೇ ಬಾಳಿರಬೇಕು. ಇಲ್ಲವೇ ಆ ಮೀಟರು ಈ ಕಾರಿನದಲ್ಲ.

ಇಷ್ಟು ಕಡಿಮೆ ಗಂಟೆ ಕಂಡಾಗ ಹಿಗ್ಗಬೇಕೆಂದು ಅನೇಕರು ತಿಳಿದಿರುತ್ತಾರೆ. ಗಂಟೆ ಹೆಚ್ಚಿದ್ದರೆ ಎಂಜಿನ್ ದಣಿದಿದೆ ಎಂದು ಅರ್ಥ, ಅಷ್ಟೆ, ಅದಕ್ಕೆ ಮದ್ದಿದೆ. ಗಂಟೆಗೂ ಮೈಲಿಗೂ ಕತೆಗೂ ತಾಳೆಯೇ ಆಗದಿದ್ದರೆ ಕೇಡು ಅದಕ್ಕಿಂತ ದೊಡ್ಡದು.

ಕಾಗದ ಹುಡುಕಿದ್ದು

ಆ ರಾತ್ರಿಯೇ ಸಂಗ್ರಾಹಕರು ಅಲ್ಲಿನ ರಾಷ್ಟ್ರೀಯ ಟೈಟಲ್ ದಾಖಲೆ ವ್ಯವಸ್ಥೆಯಾದ ಎನ್‌ಎಂವಿಟಿಐಎಸ್‌ನ ವರದಿ ತರಿಸಿಕೊಂಡರು. ಖಾಸಗಿ ವರದಿಗಳಷ್ಟು ಅಲಂಕಾರ ಅದಕ್ಕಿಲ್ಲ. ಯಾವ ರಾಜ್ಯದಲ್ಲಿ, ಯಾವಾಗ ಟೈಟಲ್ ಆಯಿತು, ಆಗ ಮೈಲಿ ಎಷ್ಟೆಂದು ಬರೆಸಿದ್ದರು ಎಂಬುದನ್ನು ಸಾಲಾಗಿ ಕೊಡುತ್ತದೆ. ಸಾಲು ಹೀಗಿತ್ತು: 2013ರ ಜೂನ್, 1,01,380 ಮೈಲಿ. 2014ರ ಜನವರಿ, ಪಕ್ಕದ ರಾಜ್ಯದಲ್ಲಿ ಒಂದು ವ್ಯಾಪಾರ ಸಂಸ್ಥೆಯ ಹೆಸರಿಗೆ. 2018ರಲ್ಲಿ ಒಬ್ಬ ಡೀಲರ್, 74,102 ಮೈಲಿ. 2019ರಲ್ಲಿ ಮಾರಾಟಗಾರ, ವಿನಾಯಿತಿ.

2013ರಲ್ಲಿ ಲಕ್ಷ ದಾಟಿದ್ದ ಕಾರು ಐದು ವರ್ಷದ ಮೇಲೆ ಎಪ್ಪತ್ತನಾಲ್ಕು ಸಾವಿರಕ್ಕೆ ಇಳಿದಿತ್ತು. ಕೊಳ್ಳುವ ಮೊದಲೇ ಈ ಸಾಲು ಕಂಡಿದ್ದರೆ ಈ ಬರಹಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಮರುದಿನ ಕಾರಿನ ಮೂಲ ನಗರಕ್ಕೆ ಸಾರ್ವಜನಿಕ ದಾಖಲೆ ಕಾಯಿದೆಯಡಿ ಅರ್ಜಿ ಹೋಯಿತು. ನಮ್ಮ ಆರ್‌ಟಿಐ ತರಹದ ಕಾಯಿದೆ ಅಲ್ಲಿ ಪ್ರತಿ ರಾಜ್ಯಕ್ಕೂ ಉಂಟು. ಅರ್ಜಿ ಬರೆಯುವ ರೀತಿಯ ಮೇಲೆ ಉತ್ತರ ನಿಂತಿದೆ. ‘ಈ ಕಾರಿನ ಎಲ್ಲ ದಾಖಲೆ ಕೊಡಿ’ ಎಂದರೆ ಗುಮಾಸ್ತರು ಸ್ಪಷ್ಟನೆ ಕೇಳಿ ಹಿಂದಿರುಗಿಸುತ್ತಾರೆ. ಇವರು ಚಾಸಿಸ್ ನಂಬರು ಕೊಟ್ಟು ಐದೇ ಸಂಗತಿ ಕೇಳಿದರು: ಕೊಟ್ಟಿದ್ದ ಘಟಕ ಸಂಖ್ಯೆ ಮತ್ತು ವಿಭಾಗ, ಸೇವೆಗೆ ಸೇರಿದ ಮತ್ತು ವಿಲೇವಾರಿಯಾದ ದಿನಾಂಕ, ವಿಲೇವಾರಿ ದಿನದ ಮೈಲಿ ಮತ್ತು ಗಂಟೆ, ಗ್ಯಾರೇಜಿನ ರಿಪೇರಿ ಚೀಟಿಗಳು, ಅಪಘಾತದ ರಿಪೇರಿ ಚೀಟಿಗಳು. ಅಪರಾಧ ಪ್ರಕರಣ, ಬಂಧಿತರು, ಸಿಬ್ಬಂದಿಯ ಹೆಸರು ಯಾವುದನ್ನೂ ಕೇಳಲಿಲ್ಲ. ಅವನ್ನು ಕೇಳಿದರೆ ಅರ್ಜಿ ಪೊಲೀಸ್ ಇಲಾಖೆಯ ವಕೀಲರ ಮೇಜಿಗೆ ಹೋಗಿ ತಿಂಗಳುಗಟ್ಟಲೆ ಮಲಗುತ್ತದೆ. ವಾಹನದ ವಿವರಕ್ಕೆ ಅರ್ಜಿ ಹೋಗಬೇಕಾದದ್ದು ವಾಹನ ವಿಭಾಗಕ್ಕೆ.

ಮೈ ಹೇಳಿದ ಸಾಕ್ಷಿ

ಉತ್ತರ ಬರುವವರೆಗೆ ಅವರೂ ಆ ಮೆಕ್ಯಾನಿಕ್ಕೂ ಕಾರನ್ನು ಬಿಚ್ಚುತ್ತಾ ಕೂತರು. ಪೊಲೀಸ್ ಕಾರಿನ ಮೈ ಓದಲು ಬಲ್ಲವರಿಗೆ ತೂತುಗಳೇ ಅಕ್ಷರ.

ಛಾವಣಿಯ ನಡುವೆ ಮುಕ್ಕಾಲು ಇಂಚಿನ ಎರಡು ತೂತು, ರಬ್ಬರ್ ಬಿರಡೆ ಹಾಕಿ ಮುಚ್ಚಿದ್ದವು. ಅವು ರೇಡಿಯೊ ಆಂಟೆನಾದವು, ಸರಿ. ಎಡಗಡೆ ಗಾಜಿನ ಕಂಬದಲ್ಲಿ ಸ್ಪಾಟ್‌ಲೈಟಿನ ತೂತು, ಅದೂ ಸರಿ. ಮುಂದಿನ ಬಾಗಿಲ ಹಿಂದಿನ ಕಂಬಗಳಲ್ಲಿ ಜಾಲರಿ ಅಡ್ಡಗೋಡೆ ಕೂರಿಸಿದ್ದ ಬೋಲ್ಟಿನ ಗುರುತು. ಇಲ್ಲಿಯವರೆಗೆ ಎಲ್ಲ ಪೊಲೀಸರದೇ. ಆದರೆ ಆಂಟೆನಾದ ಮುಂದೆ, ಛಾವಣಿಯ ಅಡ್ಡಕ್ಕೆ, ಕಾಲಿಂಚಿನ ನಾಲ್ಕು ತೂತುಗಳಿಗೆ ಸೀಲೆಂಟ್ ತುಂಬಿ ಬಿಳಿ ಬಣ್ಣ ಹಚ್ಚಿದ್ದರು. ಪೊಲೀಸ್ ದೀಪಗಳ ಪಟ್ಟಿಯಾದ ಲೈಟ್‌ಬಾರನ್ನು ಸಾಮಾನ್ಯವಾಗಿ ಛಾವಣಿಯ ಎರಡು ಅಂಚಿಗೆ ಕೊಕ್ಕೆ ಹಾಕಿ ಕೂರಿಸುತ್ತಾರೆ. ಅದಕ್ಕೆ ನಡುವೆ ನಾಲ್ಕು ಸ್ಕ್ರೂ ಬೇಕಿಲ್ಲ. ನಡುವೆ ಸ್ಕ್ರೂ ಹಾಕಿ ಕೂರಿಸುವುದು ಟ್ಯಾಕ್ಸಿಯ ಬೋರ್ಡು. ಡ್ಯಾಶ್‌ಬೋರ್ಡಿನ ಬಲಕ್ಕೆ, ಎ.ಸಿ. ಕಿಂಡಿಯ ಕೆಳಗೆ, ಬಾಡಿಗೆ ಮೀಟರಿನ ಪಟ್ಟಿ ಕೂರಿಸಿದ್ದ ಎರಡು ತೂತು ಹಾಗೇ ತೆರೆದಿದ್ದವು.

ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿತ್ತು. ಕೈದಿ ಕೂರುವ ಕಾರಿನಲ್ಲಿ ಹಾಗಿರುವುದಿಲ್ಲ. ಬಾಗಿಲ ಪ್ಯಾನೆಲ್ ಬಿಚ್ಚಿದಾಗ ಕೈಹಿಡಿಯ ಕಡ್ಡಿಗೆ ಹೊಸ ಪ್ಲಾಸ್ಟಿಕ್ ಕ್ಲಿಪ್ಪು ಹಾಕಿ ಸೇರಿಸಿದ್ದು ಕಂಡಿತು. ಪ್ಯಾನೆಲಿನ ಹಳೆಯ ಕ್ಲಿಪ್ಪುಗಳಲ್ಲಿ ಮೂರು ಮುರಿದಿದ್ದವು. ಹಿಂದಿನ ಸೀಟು ಬಟ್ಟೆಯದು. ಗಸ್ತಿನ ಕಾರಿಗೆ ತೊಳೆಯಲು ಬರುವ ವಿನೈಲ್ ಹಾಕಿಸುವುದೇ ಹೆಚ್ಚು.

ಸೀಟು ಎತ್ತುವಾಗ ಇಬ್ಬರೂ ಮುಳ್ಳು ಚುಚ್ಚದಂಥ ದಪ್ಪ ಕೈಗವಸು ಹಾಕಿದ್ದರು. ಪೊಲೀಸ್ ಕಾರಿನ ಹಿಂದಿನ ಸೀಟಿನ ಸಂದಿಗೆ ಬರಿಗೈ ತೂರಿಸಬಾರದು: ಸಿರಿಂಜಿನ ಸೂಜಿ, ಬ್ಲೇಡು, ಗುಂಡು ಏನು ಬೇಕಾದರೂ ಇರಬಹುದು. ಹಿಡಿಸಿಕೊಂಡವರು ಜೇಬು ಖಾಲಿ ಮಾಡಲು ನೋಡುವ ಜಾಗ ಅದು. ಮಾದಕವಸ್ತುವಿನಂಥದ್ದು ಕಂಡರೆ ಮುಟ್ಟದೆ ಸ್ಥಳೀಯ ಠಾಣೆಯ ತುರ್ತಲ್ಲದ ನಂಬರಿಗೆ ಕರೆ ಮಾಡುವುದೇ ದಾರಿ. ಇಲ್ಲಿ ಸಿಕ್ಕಿದ್ದು ಚಿಲ್ಲರೆ ನಾಣ್ಯ, ಒಂದು ಮಗುವಿನ ಸಾಕ್ಸು, ಮತ್ತು ರಬ್ಬರ್ ನೆಲಹಾಸಿನ ಅಡಿಯಲ್ಲಿ ಬೆರಳಗಲದ ಒಂದು ಚೀಟಿ. ಬಿಸಿಲು ತಾಗದ ಕಡೆ ಇದ್ದುದರಿಂದ ಶಾಯಿ ಪೂರ್ತಿ ಮಾಸಿರಲಿಲ್ಲ. ಟಾರ್ಚು ಓರೆ ಹಿಡಿದಾಗ ಓದಿಕೊಂಡದ್ದು: 2015, ಬಾಡಿಗೆ 11.40 ಡಾಲರ್.

ಕೊನೆಯದಾಗಿ ಮೀಟರುಗಳೆಲ್ಲ ಕೂತಿರುವ ಫಲಕವನ್ನು, ಅಂದರೆ ಕ್ಲಸ್ಟರನ್ನು, ಹೊರತೆಗೆದರು. ಈ ಕಾರಿನಲ್ಲಿ ಮೈಲಿಯ ಅಂಕಿ ಕೂತಿರುವುದು ಕ್ಲಸ್ಟರಿನೊಳಗೇ; ಬೇರೆ ಕಾರಿನದ್ದನ್ನು ತಂದು ಸಿಕ್ಕಿಸಿದರೆ ಆ ಕಾರಿನ ಮೈಲಿಯೂ ಗಂಟೆಯೂ ಜೊತೆಗೇ ಬರುತ್ತವೆ. ಹಿಂಬದಿಯ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಗುಜರಿ ಅಂಗಡಿಯ ಹಳದಿ ಪೇಂಟ್ ಪೆನ್ನಿನ ಬರಹವಿತ್ತು: 09, ಪೊಲೀಸ್, 61 ಸಾವಿರ. ಪಕ್ಕದಲ್ಲಿ ಅಂಗಡಿಯ ದಾಸ್ತಾನು ಚೀಟಿ, 2017ರದ್ದು.

ಅಲ್ಲಿಗೆ ಲೆಕ್ಕ ಕೂಡಿಬಂತು. 61 ಸಾವಿರಕ್ಕೆ ಕೂತ ಮೀಟರು 88,214 ತೋರಿಸುತ್ತಿದೆ, ಅಂದರೆ ಇದು ಈ ಕಾರಿನಲ್ಲಿ ಓಡಿದ್ದು ಸುಮಾರು 27 ಸಾವಿರ. ಅದಕ್ಕೆ 2013ರ 1,01,380 ಸೇರಿಸಿದರೆ 1,28,000 ಮೈಲಿ ಕನಿಷ್ಠ. 2014ರಿಂದ 2017ರವರೆಗೆ ಟ್ಯಾಕ್ಸಿಯಾಗಿ ಓಡಿದ್ದು ಯಾವ ಮೀಟರಿನಲ್ಲೂ ಉಳಿದಿಲ್ಲ. ನಿಜವಾದ ಅಂಕಿ ಎರಡು ಲಕ್ಷ ದಾಟಿದ್ದರೂ ಅಚ್ಚರಿಯಿಲ್ಲ.

ಮೀಟರು ಬದಲಿಸುವುದು ತಪ್ಪಲ್ಲ, ಕೆಟ್ಟರೆ ಬದಲಿಸಲೇಬೇಕು. ಹಳೆಯ ಅಂಕಿಗೆ ಹೊಂದಿಸಲಾಗದಿದ್ದರೆ ಸೊನ್ನೆಗಿಟ್ಟು, ಹಳೆಯ ಮೈಲಿ ಮತ್ತು ಬದಲಿಸಿದ ದಿನಾಂಕ ಬರೆದ ಚೀಟಿಯನ್ನು ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು ಎನ್ನುತ್ತದೆ ಕಾನೂನು. ಹಳೇ ಕಾರು ನೋಡಲು ಹೋದವರು ಚಾಲಕನ ಬಾಗಿಲು ತೆರೆದ ಕೂಡಲೇ ನೋಡಬೇಕಾದ ಜಾಗ ಅದು. ಈ ಕಾರಿನಲ್ಲಿ ಅಲ್ಲಿ ಅಂಟಿನ ಕಲೆ ಕೂಡ ಇರಲಿಲ್ಲ.

ನಗರದ ಉತ್ತರ

ಐದನೆಯ ವಾರ 61 ಪುಟ ಬಂದವು. 2009ರ ಮೇ ತಿಂಗಳಲ್ಲಿ ಸೇವೆಗೆ ಸೇರಿದ ಗಸ್ತು ಕಾರು. ವಿಲೇವಾರಿಯಾದ ದಿನ 1,01,380 ಮೈಲಿ, 7,240 ಗಂಟೆ. ಸರಾಸರಿ ಗಂಟೆಗೆ 14 ಮೈಲಿ. ನಗರದ ಗಸ್ತು ಇರಬೇಕಾದ ಹಾಗೇ ಇದೆ. ಅದರಲ್ಲಿ ನಿಂತಲ್ಲೇ ಓಡಿದ್ದು 4,120 ಗಂಟೆ. 33ರಿಂದ ಗುಣಿಸಿದರೆ 1,35,960. ಎಂಜಿನ್ನಿನ ಮಟ್ಟಿಗೆ ಅದು 2013ರಲ್ಲೇ 2,37,000 ಮೈಲಿಯ ಮುದುಕ.

ಚೀಟಿಗಳಲ್ಲಿ ಇನ್ನೆರಡು ಸಂಗತಿ ಇದ್ದವು. 2012ರಲ್ಲಿ 79,000 ಮೈಲಿಗೆ ಗೇರ್‌ಬಾಕ್ಸ್ ಬದಲಾಗಿತ್ತು. ಗೇರು ನಯವಾಗಿ ಬಿದ್ದ ಗುಟ್ಟು ಅದು. 2011ರ ಫೆಬ್ರವರಿಯಲ್ಲಿ ಎಡ ಮುಂಭಾಗಕ್ಕೆ ಪೆಟ್ಟು ಬಿದ್ದು 3,870 ಡಾಲರಿನ ರಿಪೇರಿ ಆಗಿತ್ತು. ಈ ಅಪಘಾತ ಯಾವ ವರದಿಯಲ್ಲೂ ಇಲ್ಲ, ಇರುವುದೂ ಇಲ್ಲ. ಅಮೆರಿಕದ ಅನೇಕ ನಗರಗಳು ಹೊರಗೆ ವಿಮೆ ಮಾಡಿಸದೆ ನಷ್ಟವನ್ನು ತಾವೇ ಭರಿಸುತ್ತವೆ, ಸ್ವಂತ ಗ್ಯಾರೇಜಿನಲ್ಲೇ ಸರಿ ಮಾಡಿಕೊಳ್ಳುತ್ತವೆ. ವಿಮೆಯ ಕ್ಲೇಮೇ ಇಲ್ಲದ ಮೇಲೆ ವರದಿಗೆ ಸುದ್ದಿ ಮುಟ್ಟುವುದೆಲ್ಲಿಂದ? ಪೊಲೀಸ್ ಕಾರಿನ ವರದಿಯಲ್ಲಿ ‘ಅಪಘಾತ ಇಲ್ಲ’ ಎಂದಿದ್ದರೆ ಅದಕ್ಕೆ ಕವಡೆ ಕಿಮ್ಮತ್ತೂ ಇಲ್ಲ. ಬಾನೆಟ್ ಎತ್ತಿ ಫೆಂಡರಿನ ಬೋಲ್ಟುಗಳ ತಲೆ ನೋಡಬೇಕು. ಸ್ಪಾನರ್ ಬಿದ್ದಿದ್ದರೆ ಬಣ್ಣ ಒಡೆದಿರುತ್ತದೆ. ಇಲ್ಲಿ ಎಡಗಡೆಯ ಐದಕ್ಕೆ ಐದೂ ಒಡೆದಿದ್ದವು, ಬಲಗಡೆ ಒಂದೂ ಇಲ್ಲ. ಚಾಸಿಸ್ ಅಳತೆ ಮಾಡಿಸಿದಾಗ ನೆಟ್ಟಗಿತ್ತು, ಪುಣ್ಯ.

ತೀರ್ಮಾನಗಳು

ಮುಂದಿದ್ದ ದಾರಿ ಮೂರು: ಕಾರು ವಾಪಸ್ ಕೊಡುವುದು, ದಾವೆ ಹೂಡುವುದು, ಇಟ್ಟುಕೊಳ್ಳುವುದು.

ದಾವೆ ದೊಡ್ಡ ಆಸೆ ಹುಟ್ಟಿಸುವಂಥದ್ದು. ಓಡೋಮೀಟರ್ ಮೋಸಕ್ಕೆ ಅಲ್ಲಿನ ಕೇಂದ್ರ ಕಾನೂನು ನಷ್ಟದ ಮೂರು ಪಟ್ಟು ಅಥವಾ 10,000 ಡಾಲರ್, ಯಾವುದು ಹೆಚ್ಚೋ ಅದನ್ನು ಕೊಡಿಸುತ್ತದೆ. ಎರಡು ವರ್ಷದೊಳಗೆ ಹೂಡಬೇಕು. ಆದರೆ ಮೋಸದ ಉದ್ದೇಶವನ್ನು ಸಾಬೀತು ಮಾಡಬೇಕು. ವಕೀಲರು ಕಾಗದ ನೋಡಿ ಹೇಳಿದ್ದು, ಸುಳ್ಳು ಅಂಕಿ ಬರೆದು ಸಹಿ ಹಾಕಿದ್ದು 2018ರ ವಹಿವಾಟಿನಲ್ಲಿ, ಟ್ಯಾಕ್ಸಿ ಸಂಸ್ಥೆಗೂ ಡೀಲರಿಗೂ ನಡುವೆ. ಮಾರಾಟಗಾರ ಬಂದದ್ದು ಅದಾದ ಮೇಲೆ. ಅವನು ಮೈಲಿಯ ಬಗ್ಗೆ ಬರೆದು ಕೊಟ್ಟಿರಲಿಲ್ಲ. ಮೀಟರಿನಲ್ಲಿ ಇದ್ದದ್ದನ್ನೇ ಜಾಹೀರಾತಿನಲ್ಲಿ ಹಾಕಿದ್ದ. ಆದರೆ ‘ಟ್ಯಾಕ್ಸಿಯಾಗಿ ಓಡಿಲ್ಲ’ ಎಂದದ್ದಕ್ಕೆ ಡ್ಯಾಶ್‌ಬೋರ್ಡಿನ ಎರಡು ತೂತು ಅವನಿಗೇ ಎದುರು ಸಾಕ್ಷಿ.

ಸಂಗ್ರಾಹಕರು ದಾವೆ ಬಿಟ್ಟು ಮಾತುಕತೆಗೆ ಹೋದರು. ವರದಿ, 61 ಪುಟ, ಕ್ಲಸ್ಟರಿನ ಹಿಂಬದಿಯ ಫೋಟೊ ಮೂರನ್ನೂ ಕಳುಹಿಸಿ, ಎರಡು ಕೇಳಿದರು: 1,500 ಡಾಲರ್ ವಾಪಸ್, ಮತ್ತು ಮಾರಾಟಗಾರನಿಗೆ ಕಾರು ಎಲ್ಲಿಂದ ಬಂತು, ಏನೇನು ಗೊತ್ತಿತ್ತು ಎಂದು ಸಹಿ ಹಾಕಿದ ಹೇಳಿಕೆ. 900 ಡಾಲರೂ ಹೇಳಿಕೆಯೂ ಬಂದವು. ಹೇಳಿಕೆಗೇ ಹೆಚ್ಚು ಬೆಲೆ ಎಂಬ ಅವರ ಎಣಿಕೆ ಸರಿಯಾಗಿತ್ತು. ಸಂಗ್ರಹದ ಕಾರಿಗೆ ಬೆಲೆ ಬರುವುದು ಕೈಯಿಂದ ಕೈಗೆ ಸರಪಳಿ ಕೂಡಿದಾಗ. ಈ ಹಾಳೆ ಇಲ್ಲದಿದ್ದರೆ 2018ರಿಂದ 2022ರ ಕೊಂಡಿಯೇ ಇರುತ್ತಿರಲಿಲ್ಲ. 2018ರ ಟೈಟಲ್ ಕೊಟ್ಟ ರಾಜ್ಯಕ್ಕೆ ದೂರನ್ನೂ ಬರೆದರು. ‘ತಲುಪಿದೆ’ ಎಂಬ ಉತ್ತರ ಬಂತು, ಅಷ್ಟೆ.

ಎಡಬಾಗಿಲ ಚೌಕಟ್ಟಿಗೆ ಅವರೇ ಚೀಟಿ ಅಂಟಿಸಿದರು: ಮೀಟರ್ ಬದಲಾಗಿದೆ, ತೋರಿಸುವ ಅಂಕಿ ನಿಜವಲ್ಲ, 2013ರ ಜೂನಿನಲ್ಲಿ 1,01,380. ಮುಂದೆ ಮಾರಿದರೆ ಬೆಲೆ ಬೀಳುತ್ತದೆ ಎಂದು ಗೊತ್ತಿದ್ದೇ ಮಾಡಿದ್ದು.

ರಸ್ತೆಗಿಳಿಸುವ ಮುನ್ನ

ಚಾಸಿಸ್ ನಂಬರನ್ನು ರಸ್ತೆ ಸುರಕ್ಷತಾ ಇಲಾಖೆಯ ಪುಟದಲ್ಲಿ ಹಾಕಿದಾಗ ಒಂದು ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ಕಾರನ್ನು ಕರೆಸಿಕೊಳ್ಳುವುದು, ಬಾಕಿ ಇತ್ತು. 2005ರಿಂದ 2011ರ ಕ್ರೌನ್ ವಿಕ್ಟೋರಿಯಾಗಳಲ್ಲಿ ಸ್ಟೇರಿಂಗಿನ ಕೆಳಗಿನ ನಡುದಂಡ ತುಕ್ಕು ಹಿಡಿಯುತ್ತದೆಂದು, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಕಾರುಗಳಿಗಾಗಿ 2013ರಲ್ಲಿ ಹೊರಡಿಸಿದ್ದು. ತುಕ್ಕು ಹೆಚ್ಚಾದರೆ ದಂಡ ಬಿಟ್ಟುಹೋಗಿ ಸ್ಟೇರಿಂಗೇ ಕೈಕೊಡಬಹುದು. ನಗರದ ಗ್ಯಾರೇಜುಗಳು ರೀಕಾಲ್ ಬಾಕಿ ಉಳಿಸುವುದು ಕಡಿಮೆ. 2013ರದ್ದು ಬಾಕಿ ಇದೆಯೆಂದರೆ ಕಾರು ಆ ಹೊತ್ತಿಗೆ ಕೈ ಬದಲಾಯಿಸಿದೆ ಎಂಬುದಕ್ಕೆ ಅದೇ ಇನ್ನೊಂದು ಸುಳಿವು. ಡೀಲರ್ ಬಳಿ ಪುಕ್ಕಟೆಯಾಗಿ ದಂಡ ಬದಲಾಯಿತು.

ಎರಡನೆಯದು ಪೆಟ್ರೋಲ್ ಟ್ಯಾಂಕು. ಇದು ಹಿಂದಿನ ಆಕ್ಸಲ್ಲಿನ ಹಿಂದೆ ನಿಂತಿದೆ. ರಸ್ತೆ ಬದಿ ನಿಂತ ಪೊಲೀಸ್ ಕಾರಿಗೆ ಹಿಂದಿನಿಂದ ವೇಗವಾಗಿ ಬಂದ ವಾಹನ ಗುದ್ದಿ ಬೆಂಕಿ ಹೊತ್ತಿಕೊಂಡು ಅಧಿಕಾರಿಗಳು ಸತ್ತ ಪ್ರಕರಣಗಳಿಂದ ದೊಡ್ಡ ಗದ್ದಲವೆದ್ದಿತ್ತು. 2002ರಲ್ಲಿ ಸುರಕ್ಷತಾ ಇಲಾಖೆ ತನಿಖೆಯನ್ನು ದೋಷ ಘೋಷಿಸದೆ ಮುಚ್ಚಿತು. ಅದೇ ವರ್ಷ ಫೋರ್ಡ್ ಪೊಲೀಸ್ ಕಾರುಗಳಿಗೆ ಟ್ಯಾಂಕಿನ ಸುತ್ತ ಕೂರಿಸುವ ರಕ್ಷಾಕವಚಗಳನ್ನು ಕೊಡತೊಡಗಿತು. ಕಾರನ್ನು ಎತ್ತಿ ಆ ಕವಚಗಳು ಇವೆಯೇ ಎಂದು ನೋಡಬೇಕು. ಜೊತೆಗೆ ಡಿಕ್ಕಿಯೊಳಗೆ ರೇಡಿಯೊ ತಟ್ಟೆ ಕೂರಿಸಿದವರು ಎಷ್ಟುದ್ದದ ಸ್ಕ್ರೂ ಹಾಕಿದ್ದಾರೆ ಎಂದೂ. ಇಲ್ಲಿ ಎರಡಿಂಚಿನ ಎರಡು ಸ್ಕ್ರೂಗಳ ಮೊನೆ ಟ್ಯಾಂಕಿನ ಕಡೆಗೇ ಚಾಚಿದ್ದವು. ತೆಗೆದು ತೂತು ಮುಚ್ಚಿದರು.

ಹೆಚ್ಚು ಹೊತ್ತು ತಿಂದದ್ದು ವೈರಿಂಗು. ಸಲಕರಣೆ ಕೀಳುವಾಗ ಇಲಾಖೆಯವರು ವೈರುಗಳನ್ನು ಬಿಚ್ಚುವುದಿಲ್ಲ, ಕತ್ತರಿಸುತ್ತಾರೆ. ಮೇಲೆ ಟ್ಯಾಕ್ಸಿಯವರ ಹೊಸ ವೈರು. ಬ್ಯಾಟರಿ ಐದಾರು ದಿನಕ್ಕೆ ಸಾಯುತ್ತಿತ್ತು. ನೆಗೆಟಿವ್ ತಂತಿ ಬಿಚ್ಚಿ ನಡುವೆ ಮಲ್ಟಿಮೀಟರ್ ಹಾಕಿ, ಬಾಗಿಲ ಲ್ಯಾಚು ಮುಚ್ಚಿದಂತೆ ಮಾಡಿ, ನಲವತ್ತು ನಿಮಿಷ ಕಾದು ನೋಡಿದರೆ 380 ಮಿಲಿಆಂಪ್ ಸೋರಿಕೆ, 50ರೊಳಗಿರಬೇಕು. 380 ಎಂದರೆ ದಿನಕ್ಕೆ ಒಂಬತ್ತು ಆಂಪ್-ಅವರ್ ಖಾಲಿ. ಫ್ಯೂಸುಗಳನ್ನು ಒಂದೊಂದಾಗಿ ಎಳೆದರೂ ಇಳಿಯಲಿಲ್ಲ, ಏಕೆಂದರೆ ಆ ದಾರಿ ಫ್ಯೂಸ್ ಬಾಕ್ಸನ್ನೇ ಮುಟ್ಟುತ್ತಿರಲಿಲ್ಲ. ಬ್ಯಾಟರಿಯಿಂದ ನೇರ ಹೊರಟ ದಪ್ಪ ಕೆಂಪು ವೈರು ಎಂಜಿನ್ ಗೋಡೆ ದಾಟಿ, ನೆಲಹಾಸಿನಡಿ ಹರಿದು, ಡಿಕ್ಕಿಯ ಎಡಮೂಲೆಯಲ್ಲಿ ಇನ್ನೂ ಬಿಸಿಯಾಗಿದ್ದ ಒಂದು ಟೈಮರ್ ರಿಲೇಗೆ ಮುಟ್ಟಿತ್ತು. ಆ ವೈರನ್ನು ನಡುವೆ ಕತ್ತರಿಸಿ ಟೇಪ್ ಸುತ್ತುವುದು ಮೊದಲ ಯೋಚನೆಯಾಗಿತ್ತು; ಮೆಕ್ಯಾನಿಕ್ ಬಿಡಲಿಲ್ಲ. ಬ್ಯಾಟರಿ ತುದಿಯಿಂದಲೇ ಪೂರ್ತಿ ಎಳೆದು ತೆಗೆಸಿದರು. ಜೀವವಿರುವ ವೈರಿನ ತುಂಡು ನೆಲಹಾಸಿನಡಿ ಉಳಿದು ಲೋಹಕ್ಕೆ ಉಜ್ಜಿದರೆ ಆಗುವುದು ಬೆಂಕಿಯೇ.

ಬೀಗವನ್ನೂ ಬದಲಿಸಿದರು. ಪೊಲೀಸ್ ಮಾಡೆಲ್ಲಿಗೆ ಚಿಪ್ ಇರುವ ಕೀ ಇಲ್ಲ. ಇಲಾಖೆಯ ಇಡೀ ದಂಡಿಗೆ ಒಂದೇ ಕೀ ಆಗುವಂತೆ ತರಿಸುವ ರೂಢಿ. ಆ ಸಾಮಾನ್ಯ ಕೀಗಳು ಇವತ್ತು ಕೆಲವೇ ಡಾಲರಿಗೆ ಯಾರಿಗೆ ಬೇಕಾದರೂ ಸಿಗುತ್ತವೆ.

ಬಣ್ಣದ ಪ್ರಶ್ನೆ

ಕೊಂಡಾಗ ಇದನ್ನು ರಾಜ್ಯದ ಹೆದ್ದಾರಿ ಪೊಲೀಸ್ ಕಾರಿನಂತೆ ಸಿಂಗರಿಸುವ ಯೋಜನೆಯಿತ್ತು. ಪ್ರದರ್ಶನಗಳಲ್ಲಿ ಜನ ಮುತ್ತುವುದು ಅಂಥ ಕಾರನ್ನೇ. 61 ಪುಟ ಕೈಗೆ ಬಂದ ಮೇಲೆ ಅದನ್ನು ಕೈಬಿಟ್ಟರು. ಗೊತ್ತಿದ್ದ ಊರು, ಗೊತ್ತಿದ್ದ ಘಟಕ ಸಂಖ್ಯೆಯನ್ನು ಅಳಿಸಿ ಇನ್ನೊಂದು ಇಲಾಖೆಯ ವೇಷ ಹಾಕಿದರೆ, ಜಾಹೀರಾತಿನಲ್ಲಿ ಟ್ಯಾಕ್ಸಿ ವರ್ಷ ಮರೆಸಿದವನಿಗೂ ತಮಗೂ ವ್ಯತ್ಯಾಸ ಉಳಿಯುವುದಿಲ್ಲ ಎಂದು ಅವರಿಗೆ ಅನ್ನಿಸಿತು. ಮೂಲ ನಗರದ ಚಿಹ್ನೆ ಹಾಕಲು ಲಿಖಿತ ಅನುಮತಿ ಕೇಳಿದರು, ನಗರ ಕೊಡಲಿಲ್ಲ. ಅನುಮತಿಯಿಲ್ಲದೆ ಹಾಕಿ ರಸ್ತೆಯಲ್ಲಿ ಓಡಿಸಿದರೆ ಪೊಲೀಸ್ ವೇಷದ ಆರೋಪ ಬರಬಹುದು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಂಪು-ನೀಲಿ ದೀಪ ಇಟ್ಟುಕೊಂಡವರು ರಸ್ತೆಗಿಳಿಯುವಾಗ ಮುಸುಕು ಹಾಕುತ್ತಾರೆ, ಅಕ್ಷರಗಳ ಮೇಲೆ ‘ಸೇವೆಯಲ್ಲಿಲ್ಲ’ ಎಂಬ ಅಯಸ್ಕಾಂತದ ಪಟ್ಟಿ ಅಂಟಿಸುತ್ತಾರೆ.

ಹಾಗಾಗಿ ಕಾರು ಬರೀ ಬಿಳಿ. ಛಾವಣಿಯ ನಾಲ್ಕು ತೂತು ಸೋರುತ್ತಿದ್ದವು, ಒಳಗಿನಿಂದ ಲೋಹದ ಚೂರು ಅಂಟಿಸಿ ಮುಚ್ಚಿದರು. ವೆಲ್ಡಿಂಗ್ ಬೇಡವೆಂದದ್ದು ಛಾವಣಿಯೊಳಗಿನ ಬಟ್ಟೆ ಹೊತ್ತಿಕೊಳ್ಳುತ್ತದೆಂದು. ಡ್ಯಾಶ್‌ಬೋರ್ಡಿನ ಎರಡು ತೂತು ಮುಚ್ಚಲಿಲ್ಲ. 11.40 ಡಾಲರಿನ ಚೀಟಿ 61 ಪುಟಗಳ ಫೈಲಿನಲ್ಲಿದೆ, ಕಪ್ಪು ಲಕೋಟೆಯಲ್ಲಿ.

ಬಣ್ಣಕ್ಕೆ ಹೊಳಪು ಕೊಡಲು ಬಂದವನು ಡಿಕ್ಕಿಯ ಮುಚ್ಚಳದ ಮೇಲೆ ಮೆಷಿನ್ ಇಡಲು ಹೊರಟಾಗ ಸಂಗ್ರಾಹಕರು ತಡೆದರು. ಸ್ಟಿಕರ್ ಇದ್ದಷ್ಟು ದಿನ ಅದರಡಿಯ ಬಣ್ಣಕ್ಕೆ ಬಿಸಿಲು ತಾಗುವುದಿಲ್ಲ. ಸುತ್ತಲಿನದು ಮಂಕಾಗುತ್ತದೆ, ಸ್ಟಿಕರ್ ಕಿತ್ತ ಮೇಲೂ ಅಕ್ಷರ ನೆರಳಾಗಿ ಉಳಿಯುತ್ತದೆ. ಮಧ್ಯಾಹ್ನ ಅಲ್ಲೇನೂ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲಿಗೆ ಮುಚ್ಚಳದ ಮೇಲೆ ನಗರದ ಘಟಕ ಸಂಖ್ಯೆ ಏಳುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಹಿಂದಿನ ಚಕ್ರದ ಮೇಲೆ ಟ್ಯಾಕ್ಸಿಯ ಸಂಖ್ಯೆ. ಆ ಎರಡು ಜಾಗಕ್ಕೆ ಹೊಳಪು ಕೊಡುವ ಪೇಸ್ಟು ಮುಟ್ಟಿಸದೆ ಬರೀ ಸೋಪುನೀರಿನಲ್ಲಿ ಕೈಯಲ್ಲೇ ತೊಳೆಯುತ್ತಾರೆ.